ಶ್ರೀಲಂಕಾದಲ್ಲಿ ಜಲಪಾತವೋ, ಕೋಟೆಯೋ?

ಕೈಯಲ್ಲಿ ಎರಡೇ ದಿನವಿದ್ದರೆ ಗಾಲೆ ಕೋಟೆಗೇ ಹೋಗಿ ಎನ್ನುತ್ತೇನೆ. ಕೊಲಂಬೊದಿಂದ ಕಡಲಂಚಿನಲ್ಲೇ ಸಾಗುವ ರೈಲು ನಿಮ್ಮನ್ನು ಕೋಟೆಯ ಹತ್ತಿರಕ್ಕೇ ತಂದು ಬಿಡುತ್ತದೆ. ಪೋರ್ಚುಗೀಸರು 1588ರಲ್ಲಿ ಕಟ್ಟಲು ಆರಂಭಿಸಿದ ಕೋಟೆಯನ್ನು 1640ರಲ್ಲಿ ಡಚ್ಚರು ವಶಪಡಿಸಿಕೊಂಡು ಬಲಪಡಿಸಿದರು. ಹಳೆಯ ದ್ವಾರದ ಎದುರು ತುಸು ಹೊತ್ತು ನಿಲ್ಲಿ. ಹೊರಗಡೆ ಬ್ರಿಟಿಷರ ಲಾಂಛನ. ಒಳಗಡೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ಎರಡು ಸಿಂಹಗಳು, ಮೇಲೊಂದು ಹುಂಜ, ಜೊತೆಗೆ 1669 ಎಂಬ ಇಸವಿ. ಒಂದೇ ಬಾಗಿಲಿನಲ್ಲಿ ಇಬ್ಬರು ಒಡೆಯರ ಮುದ್ರೆ! ಮುಖ್ಯವಾಗಿ, ಇದು ಪಾಳುಬಿದ್ದ ಕೋಟೆಯಲ್ಲ. ಒಳಗೆ ಇಂದಿಗೂ ಜನ ವಾಸಿಸುತ್ತಾರೆ, ಮಸೀದಿ, ಚರ್ಚುಗಳಿವೆ. 2004ರ ಸುನಾಮಿ ಹೊರಗಿನ ಊರನ್ನು ನುಂಗಿದಾಗ ಒಳಗಿದ್ದವರನ್ನು ಬಹುಮಟ್ಟಿಗೆ ಕಾಪಾಡಿದ್ದು ಇದೇ ಗೋಡೆಗಳು.

ಜಲಪಾತಗಳಿಗೆ ಬೇಕಾದದ್ದು ಬಿಡುವು ಮತ್ತು ಕಾಲಿನ ಕಸುವು. ದೇಶದಲ್ಲೇ ಅತಿ ಎತ್ತರದ ಬಂಬರಕಂದ 263 ಮೀಟರ್ ಇದೆ. ಆದರೆ ಮಳೆಯಿಲ್ಲದ ತಿಂಗಳುಗಳಲ್ಲಿ ಅದು ಬಂಡೆಯ ಮೇಲಿನ ಬೆಳ್ಳಿದಾರದಷ್ಟೇ. ನನ್ನ ಮನಸ್ಸು ಸುಮಾರು 220 ಮೀಟರ್ ಎತ್ತರದ ದಿಯಲುಮದ ಕಡೆಗೆ. ಅದರ ನೆತ್ತಿಗೆ ನಡೆದು ಹೋದರೆ ನೀರು ಧುಮುಕುವ ಮುನ್ನ ತಂಗುವ ಕೊಳಗಳು ಕಾಣುತ್ತವೆ. ಅಂಚಿನ ಬಂಡೆ ಜಾರುತ್ತದೆ, ಮಳೆ ಬಂದರೆ ಪ್ರವಾಹ ಥಟ್ಟನೆ ಏರುತ್ತದೆ. ಅಂಥ ದಿನ ದಯವಿಟ್ಟು ಹತ್ತಬೇಡಿ. ನಡೆಯಲಾಗದ ಹಿರಿಯರು ಜೊತೆಗಿದ್ದರೆ ‘ಎಲ್ಲ’ (Ella) ಎಂಬ ಊರಿನ ಬಳಿಯ ರಾವಣ ಜಲಪಾತ ಸಾಕು, ರಸ್ತೆಯಿಂದಲೇ ಕಾಣುತ್ತದೆ.

ಐದಾರು ದಿನ ಸಿಕ್ಕರೆ ಮೊದಲು ಜಲಪಾತಗಳಿರುವ ಬೆಟ್ಟ ಹತ್ತಿ, ಆಮೇಲೆ ಗಾಲೆಗೆ ಇಳಿಯಿರಿ. ದಣಿದ ಕಾಲುಗಳಿಗೆ ಸಂಜೆಯ ಕೋಟೆಗೋಡೆಯ ನಡಿಗೆ ಹಿತವಾಗಿರುತ್ತದೆ.