ಹೊರೆಯೇ ಗುರುತಾದವರ ಮೆರವಣಿಗೆ

ದಕ್ಷಿಣ ಆಫ್ರಿಕಾದ ಕಲಾವಿದ ವಿಲಿಯಂ ಕೆಂಟ್ರಿಜ್ ಅವರ ‘ಮೋರ್ ಸ್ವೀಟ್ಲಿ ಪ್ಲೇ ದ ಡ್ಯಾನ್ಸ್’ (ಕುಣಿತವನ್ನು ಇನ್ನಷ್ಟು ಇಂಪಾಗಿ ನುಡಿಸಿ) ಎಂಬ ವಿಡಿಯೊ ಕಲಾಕೃತಿಯನ್ನು ನಾನು ನೋಡಿದ್ದು 2018ರ ಡಿಸೆಂಬರ್‌ನಲ್ಲಿ ಆರಂಭವಾದ ಕೊಚ್ಚಿ-ಮುಜಿರಿಸ್ ಬಿನಾಲೆ ಎಂಬ ಕಲಾ ಪ್ರದರ್ಶನದಲ್ಲಿ. ಎರಡು ಬಾರಿ ಪೂರ್ತಿ ನೋಡಿ, ಮೂರನೆಯ ಬಾರಿ ಪರದೆಗಳಿಗೆ ಬೆನ್ನು ಹಾಕಿ ಬರೀ ಸದ್ದನ್ನು ಕೇಳಿಸಿಕೊಂಡೆ. ಊರೂರು ಸುತ್ತುವ ಕೃತಿಯಾದ್ದರಿಂದ, ಮುಂದೆ ಎಲ್ಲಾದರೂ ಇದು ಎದುರಾದವರಿಗೆ ನನ್ನ ಅನುಭವ ಉಪಯೋಗಕ್ಕೆ ಬರಬಹುದು.

2015ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಐ ಫಿಲ್ಮ್ ಮ್ಯೂಸಿಯಂಗಾಗಿ ರಚಿತವಾದ ಈ ಕೃತಿಗೆ ಸಾಲಾಗಿ ನಿಂತ ಎಂಟು ಪರದೆಗಳು, ಸುಮಾರು ಹದಿನೈದು ನಿಮಿಷದ ಅವಧಿ. ಇದ್ದಿಲಿನಲ್ಲಿ ಬರೆದ ಬಂಜರು ಬಯಲಿನ ಮುಂದೆ ಒಂದು ಮೆರವಣಿಗೆ ಸಾಗುತ್ತದೆ. ಹಿತ್ತಾಳೆ ವಾದ್ಯಗಳ ಬ್ಯಾಂಡಿನವರು, ಭಾಷಣಕಾರರು, ಹೊರೆ ಹೊತ್ತವರು, ಡ್ರಿಪ್ಸ್ ಸ್ಟ್ಯಾಂಡನ್ನು ತಾವೇ ಎಳೆದುಕೊಂಡು ನಡೆಯುವ ರೋಗಿಗಳು, ಕುಣಿಯುವ ಅಸ್ಥಿಪಂಜರಗಳು ಒಂದು ಪರದೆಯ ಅಂಚಿನಲ್ಲಿ ಮರೆಯಾಗಿ ಪಕ್ಕದ ಪರದೆಯಲ್ಲಿ ಹೊಮ್ಮುತ್ತಾರೆ. ಇವರು ಅಪ್ಪಟ ಕಪ್ಪು ನೆರಳುಗಳಲ್ಲ. ಮುಸ್ಸಂಜೆಯಲ್ಲಿ ಕೆರೆ ಏರಿಯ ಮೇಲೆ ನಡೆದುಹೋಗುವವರು ಕೆಳಗಿನ ಗದ್ದೆಯಲ್ಲಿ ನಿಂತವನಿಗೆ ಕಾಣುತ್ತಾರಲ್ಲ, ಹಾಗೆ. ಮುಖ ಸ್ಪಷ್ಟವಿಲ್ಲ. ನಡಿಗೆ ಮತ್ತು ಹೆಗಲ ಮೇಲಿರುವ ವಸ್ತು ಇವೆರಡೇ ಗುರುತು.

ನಡಿಗೆಯಿಂದಲೇ ಮನುಷ್ಯನನ್ನು ಕಟ್ಟುವ ಈ ಕಸುಬು ಸುಮ್ಮನೆ ಬಂದದ್ದಲ್ಲ. 1955ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿದ ಕೆಂಟ್ರಿಜ್ ರಾಜ್ಯಶಾಸ್ತ್ರವನ್ನೂ ಚಿತ್ರಕಲೆಯನ್ನೂ ಕಲಿತ ಮೇಲೆ ಪ್ಯಾರಿಸ್ಸಿಗೆ ಹೋಗಿ, ದೇಹದ ಚಲನೆಯೇ ನಟನೆಯ ಮೂಲವೆಂದು ಕಲಿಸುತ್ತಿದ್ದ ಜಾಕ್ ಲೆಕಾಕ್ ಅವರ ಶಾಲೆಯಲ್ಲಿ ಅಭ್ಯಾಸ ಮಾಡಿದವರು. ಚಿತ್ರ, ಚಲನಚಿತ್ರ, ಒಪೆರಾ, ಗೊಂಬೆಯಾಟ ಎಲ್ಲದರಲ್ಲೂ ಕೈಯಾಡಿಸಿದ ಅವರು 1999ರಲ್ಲೇ ‘ಶ್ಯಾಡೊ ಪ್ರೊಸೆಷನ್’ ಎಂಬ ಏಳು ನಿಮಿಷದ ಚಿತ್ರದಲ್ಲಿ, ಹರಿದ ಕಪ್ಪು ಕಾಗದದ ತುಂಡುಗಳನ್ನು ಜೋಡಿಸಿ, ಸರಂಜಾಮು ಹೊತ್ತು ಹೊರಟ ಜನರನ್ನು ನಡೆಸಿದ್ದರು. ಅಲ್ಲಿ ಕಾಗದದ ಹರಿದ ಅಂಚು ಮನುಷ್ಯರ ಆಯಾಸವನ್ನು ಹೇಳುತ್ತಿತ್ತು. ನಿಜ ಹೇಳಬೇಕೆಂದರೆ, ಕೊಚ್ಚಿಯಲ್ಲಿ ಕಂಡದ್ದಕ್ಕಿಂತ ಆ ಪುಟ್ಟ ಚಿತ್ರವೇ ನನಗೆ ಹೆಚ್ಚು ಖಾರವಾಗಿ ಕಾಣುತ್ತದೆ.

ಕನ್ನಡದ ನೋಡುಗನಿಗೆ ಇಲ್ಲಿ ತೊಗಲುಗೊಂಬೆಯಾಟ ನೆನಪಾಗದೆ ಇರದು. ಆದರೆ ನಮ್ಮ ಗೊಂಬೆಗಳ ನೆರಳಿಗೆ ಬಣ್ಣವಿದೆ. ಹದ ಮಾಡಿ ತೆಳುವಾಗಿಸಿದ ಆಡಿನ ಚರ್ಮದ ಮೂಲಕ ಬೆಳಕು ಹಾಯುವುದರಿಂದ ರಾಮನ ಹಸಿರೂ ರಾವಣನ ಕೆಂಪೂ ಪರದೆಗೆ ಬರುತ್ತವೆ. ಅದಕ್ಕಿಂತ ದೊಡ್ಡ ವ್ಯತ್ಯಾಸ ಅಳತೆಯದು. ದೇವರು ಮತ್ತು ಅರಸರ ಗೊಂಬೆಗಳು ದೊಡ್ಡವು, ಆಳುಕಾಳುಗಳವು ಚಿಕ್ಕವು. ಸಾಮಾನ್ಯ ಜನರ ಪರವಾಗಿ ಅಲ್ಲಿ ಬಾಯಿ ತೆರೆಯುವವರು ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ. ಅವರಿಬ್ಬರೂ ಬಂದು ನಗಿಸಿ, ಕಥೆಯನ್ನು ಮತ್ತೆ ಅರಸರಿಗೆ ಬಿಟ್ಟುಕೊಡುತ್ತಾರೆ. ಕೆಂಟ್ರಿಜ್ ಅವರ ಮೆರವಣಿಗೆಯಲ್ಲಿ ಅರಸರೇ ಇಲ್ಲ. ಮೊದಲಿನಿಂದ ಕೊನೆಯವರೆಗೆ ಕಿಳ್ಳೇಕ್ಯಾತ ಬಂಗಾರಕ್ಕರೇ ಪರದೆಯನ್ನು ತುಂಬಿಕೊಂಡಿದ್ದಾರೆ, ಅದೂ ಆಳೆತ್ತರದಲ್ಲಿ.

ನನ್ನ ತಕರಾರು ಅಸ್ಥಿಪಂಜರಗಳ ಬಗ್ಗೆ. ಗ್ಲೂಕೋಸ್ ಬಾಟಲಿಯ ಕೊಳವೆಯನ್ನು ಕೈಗೆ ಕಟ್ಟಿಕೊಂಡೇ ಬ್ಯಾಂಡಿನ ಹಿಂದೆ ಹೆಜ್ಜೆ ಹಾಕುವ ರೋಗಿಯನ್ನು ಕಂಡವನಿಗೆ ಸಾವಿನ ವಿಷಯ ಮತ್ತೆ ಬಿಡಿಸಿ ಹೇಳಬೇಕಾಗಿಲ್ಲ. ಮೂಳೆಗಳ ಕುಣಿತ ಆ ನೋಟವನ್ನು ತೆಳುವಾಗಿಸುತ್ತದೆ. ಸಂಗೀತ ತೀರಾ ಇಂಪಾಯಿತೆಂಬ ಗುಮಾನಿಯೂ ಮೊದಲ ಸಲ ಬಂದಿತ್ತು. ಆದರೆ ಶೀರ್ಷಿಕೆಯ ಹಿಂದಿರುವುದು ನಾಜಿಗಳ ಸಾವಿನ ಶಿಬಿರದ ಕುರಿತು ಪೌಲ್ ಸೆಲಾನ್ ಬರೆದ ಕವಿತೆಯ ಸಾಲು. ಅಲ್ಲಿ ಸಾವನ್ನು ಇನ್ನಷ್ಟು ಇಂಪಾಗಿ ನುಡಿಸಿರೆಂದು ಆಜ್ಞೆ ಬರುತ್ತದೆ. ಅದು ತಿಳಿದ ಮೇಲೆ ಮೂರನೆಯ ಸಲ ಕಣ್ಣಿಗೆ ಏನೂ ಕಾಣದಂತೆ ಕುಳಿತು ಕೇಳಿದಾಗ ಆ ಇಂಪು ಕಿವಿಗೆ ಬೇರೆಯೇ ಆಗಿ ಬಿತ್ತು.

ಇಷ್ಟೊಂದು ನಟರು, ವಾದಕರು, ನರ್ತಕರು ಸೇರಿ ಕೆಲಸ ಮಾಡುವ ಪದ್ಧತಿಗೆ ಕೆಂಟ್ರಿಜ್ 2016ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಒಂದು ನೆಲೆಯನ್ನೇ ಒದಗಿಸಿದರು. ‘ಸೆಂಟರ್ ಫಾರ್ ದ ಲೆಸ್ ಗುಡ್ ಐಡಿಯಾ’ ಎಂಬ ಅದರ ಹೆಸರು, ದೊಡ್ಡ ವೈದ್ಯನಿಂದ ಗುಣವಾಗದಿದ್ದರೆ ಅವನಿಗಿಂತ ಸಣ್ಣ ವೈದ್ಯನನ್ನು ಹುಡುಕು ಎಂಬ, ಆಫ್ರಿಕಾದ ತ್ಸ್ವಾನಾ ಭಾಷೆಯ ಗಾದೆಯಿಂದ ಬಂದದ್ದು. ಸಿದ್ಧ ಯೋಜನೆ ಕೈಕೊಟ್ಟಾಗ ಕೆಲಸದ ನಡುವೆ ಹೊಳೆಯುವ ಎರಡನೆಯ ಯೋಚನೆಗೆ ಅಲ್ಲಿ ಜಾಗ.

ನೋಡಲು ಹೋಗುವವರು ಎಂಟೂ ಪರದೆಗಳನ್ನು ಒಟ್ಟಿಗೆ ಹಿಡಿಯುವ ಆಸೆಯನ್ನು ಬಿಡುವುದು ಒಳ್ಳೆಯದು. ಯಾರಾದರೂ ಒಬ್ಬರನ್ನು ಆರಿಸಿಕೊಂಡು, ಅವರು ಕಾಣಿಸಿಕೊಂಡ ಕಡೆಯಿಂದ ಮರೆಯಾಗುವವರೆಗೆ ಜೊತೆಯಲ್ಲೇ ನಡೆದುಬಿಡಿ. ನಾನು ಡ್ರಿಪ್ಸ್ ಸ್ಟ್ಯಾಂಡಿನ ರೋಗಿಯೊಬ್ಬರನ್ನು ಹಿಂಬಾಲಿಸಿದೆ. ಅವರು ಕೊನೆಯ ಅಂಚನ್ನು ದಾಟಿದ ಮೇಲೂ ತುಸು ಹೊತ್ತು ಅಲ್ಲೇ ನಿಂತಿದ್ದೆ. ಅಷ್ಟರಲ್ಲಿ ದಾದಾ ಮಸೀಲೊ ಎಂಬ ನರ್ತಕಿ ಕೈಯಲ್ಲಿ ಬಂದೂಕು ಹಿಡಿದು, ಕಾಲ್ಬೆರಳ ತುದಿಯ ಮೇಲೆ ನಿಂತು, ಒಬ್ಬಳೇ ಬಂದಳು.