ನಾಗಸಾಕಿಯ ದೆಜಿಮಾ: ಸಮುದ್ರ ಹುಡುಕಬೇಡಿ, ಒಳಗೆ ಹೋಗಿ

ಜಪಾನಿನ ನಾಗಸಾಕಿಗೆ ಹೋದವರು ಸಾಮಾನ್ಯವಾಗಿ ಅಣುಬಾಂಬ್ ಮ್ಯೂಸಿಯಂ ನೋಡಿ ಸಂಜೆ ರೈಲು ಹತ್ತಿಬಿಡುತ್ತಾರೆ. ದಯವಿಟ್ಟು ದೆಜಿಮಾಕ್ಕೂ, ಅಂದರೆ ಹಿಂದೆ ಯುರೋಪಿನ ವ್ಯಾಪಾರಿಗಳನ್ನು ಇಟ್ಟಿದ್ದ ದ್ವೀಪಕ್ಕೂ, ಎರಡು ಗಂಟೆ ಇಟ್ಟುಕೊಳ್ಳಿ. ನಾನು ಹೋದಾಗ ಟಿಕೆಟ್ 520 ಯೆನ್ ಇತ್ತು, ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಹೊರಗಿನಿಂದ ನೋಡಿದರೆ ಮಾತ್ರ ನಿರಾಸೆ. ಬೀಸಣಿಗೆ ಆಕಾರದ ದ್ವೀಪ ಅಂತ ಓದಿಕೊಂಡು ಹೋದರೆ ಕಾಣುವುದು ಟ್ರಾಮ್, ರಸ್ತೆ, ಸುತ್ತ ಕಟ್ಟಡಗಳು. ಮಣ್ಣು ತುಂಬಿ ತುಂಬಿ ಸಮುದ್ರವನ್ನೇ ದೂರ ತಳ್ಳಿಬಿಟ್ಟಿದ್ದಾರೆ. ಈಗ ಒಂದು ಪಕ್ಕದಲ್ಲಿ ನದಿ ಇದೆ, ಅದರ ಮೇಲೆ 2017ರಲ್ಲಿ ಹಾಕಿದ ಸೇತುವೆ ಇದೆ, ಆ ಕಡೆಯಿಂದಲೇ ಒಳಗೆ ಹೋಗಿ.

1636ರಲ್ಲಿ ಇದನ್ನು ಕಟ್ಟಿದ್ದು ಪೋರ್ಚುಗೀಸರನ್ನು ಊರಿನವರಿಂದ ದೂರ ಇಡಲು. ಅವರನ್ನು ಓಡಿಸಿದ ಮೇಲೆ 1641ರಲ್ಲಿ ಡಚ್ಚರನ್ನು ತಂದು ಕೂರಿಸಿದರು, ಆಮೇಲೆ 200 ವರ್ಷ ಜಪಾನಿನಲ್ಲಿ ಯುರೋಪಿನವರು ವ್ಯಾಪಾರ ಮಾಡಲು ಇದ್ದ ಜಾಗ ಇದೊಂದೇ. ಡಚ್ ಮುಖ್ಯಾಧಿಕಾರಿಯ ಮನೆ ತಪ್ಪಿಸಬೇಡಿ. ನೆಲಕ್ಕೆ ಜಪಾನಿ ಚಾಪೆ, ಅದರ ಮೇಲೆ ಡಚ್ ಮೇಜು ಕುರ್ಚಿ! ಊಟದ ಮೇಜಿನ ಮೇಲೆ ಹಬ್ಬದೂಟ ಜೋಡಿಸಿಟ್ಟಿದ್ದಾರೆ. ಕ್ರೈಸ್ತ ಧರ್ಮಕ್ಕೆ ನಿಷೇಧ ಇತ್ತಲ್ವಾ, ಅದಕ್ಕೆ ಇವರು ಕ್ರಿಸ್ಮಸ್ಸನ್ನು ಚಳಿಗಾಲದ ಸಂಕ್ರಮಣದ ಹಬ್ಬ ಅಂತ ಹೇಳಿ ಮಾಡುತ್ತಿದ್ದರಂತೆ. ಆ ಕಾಲದಲ್ಲಿ ಹಡಗುಗಳಲ್ಲಿ ಸಕ್ಕರೆ ಬರುತ್ತಿತ್ತು, ನಮ್ಮ ಕೋರಮಂಡಲ ಕರಾವಳಿಯ ಬಣ್ಣದ ಬಟ್ಟೆಯೂ ಬರುತ್ತಿತ್ತು. ಗೋದಾಮುಗಳು ಮತ್ತೆ ಕಟ್ಟಿದವು, ಕೆಲವು ಕಡೆ ಮರ ಹೊಸದಾಗಿ ಹೊಳೆಯುತ್ತದೆ. ಅದು ನನಗೆ ಅಷ್ಟು ಹಿಡಿಸಲಿಲ್ಲ.

ಅಲ್ಲಿಂದ 1ನೇ ನಂಬರ್ ಟ್ರಾಮ್ ಹತ್ತಿ ನೇರ ಶಾಂತಿ ಉದ್ಯಾನಕ್ಕೆ ಹೋಗಿ, ದುಡ್ಡು ಇಳಿಯುವಾಗ ಕೊಟ್ಟರಾಯಿತು. ಎಲ್ಲರೂ ದೊಡ್ಡ ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಂಡು ವಾಪಸ್ ಬರುತ್ತಾರೆ. ಪಕ್ಕದಲ್ಲಿರುವ, ಬೇರೆ ಬೇರೆ ದೇಶ ಮತ್ತು ಊರುಗಳು ಕೊಟ್ಟ ಶಿಲ್ಪಗಳನ್ನು ನಿಧಾನವಾಗಿ ನೋಡಿ. ಕೆಲವನ್ನು ಕೊಟ್ಟಿದ್ದು ನಾಗಸಾಕಿಯ ಸಿಸ್ಟರ್ ಸಿಟಿಗಳು, ಅಂದರೆ ಸ್ನೇಹದ ಒಪ್ಪಂದ ಮಾಡಿಕೊಂಡ ಬೇರೆ ದೇಶದ ಊರುಗಳು. ಸಿಸ್ಟರ್ ಸಿಟಿ ಅಂದರೆ ಮೇಯರ್‌ಗಳು ಸುಮ್ನೆ ಕೈಕುಲುಕಿ ಸಹಿ ಹಾಕುವುದು ಅಂತ ನನ್ನ ಅಭಿಪ್ರಾಯ, ಜಾಸ್ತಿ ಊರುಗಳಲ್ಲಿ ನಡೆಯುವುದೂ ಅಷ್ಟೇ. ಇಲ್ಲಿ ಮಾತ್ರ ಬೆಳಿಗ್ಗೆ ನೋಡಿದ ಕಥೆಗೆ ಹೆಸರುಗಳು ತಾಳೆಯಾಗುತ್ತವೆ. ಪೋರ್ಚುಗಲ್ಲಿನ ಪೋರ್ಟೊ ಇದೆ. ನೆದರ್ಲೆಂಡ್ಸಿನ ಮಿಡಲ್‌ಬರ್ಗ್ ಇದೆ, ಡಚ್ ಈಸ್ಟ್ ಇಂಡಿಯಾ ಕಂಪನಿಯ ಒಂದು ಕಚೇರಿ ಇದ್ದ ಊರು ಅದು. ಬ್ರೆಜಿಲ್‌ನ ಸಾಂಟೋಸ್ ಬಂದರೂ ಇದೆ, 1908ರಲ್ಲಿ ಬ್ರೆಜಿಲ್‌ಗೆ ಜಪಾನಿ ವಲಸಿಗರನ್ನು ಹೊತ್ತ ಮೊದಲ ಹಡಗು ಅಲ್ಲಿಗೇ ಹೋಗಿದ್ದು. ಅಮೆರಿಕದ ಸೇಂಟ್ ಪಾಲ್ ಮಾತ್ರ ಬಂದರಿನ ಲೆಕ್ಕಕ್ಕೆ ಬರುವುದಿಲ್ಲ. 1945ರಲ್ಲಿ ಬಾಂಬ್ ಹಾಕಿದ ದೇಶದ ಊರೊಂದು ಹತ್ತೇ ವರ್ಷಕ್ಕೆ, 1955ರಲ್ಲಿ, ಈ ಊರಿನ ಜೊತೆ ನಂಟು ಬೆಳೆಸಿತು. ಜಪಾನ್ ಮತ್ತು ಅಮೆರಿಕದ ನಡುವೆ ಅದೇ ಮೊದಲ ಸಿಸ್ಟರ್ ಸಿಟಿ ಒಪ್ಪಂದ. ನನಗೆ ಆ ಶಿಲ್ಪದ ಮುಂದೆಯೇ ಜಾಸ್ತಿ ಹೊತ್ತು ಹೋಯಿತು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಕಷ್ಟ. ಇಲ್ಲಿನ ಹೆಸರಾಂತ ಚಾಂಪೋನ್ ನೂಡಲ್ಸ್‌ನಲ್ಲಿ ಹಂದಿಮಾಂಸ, ಮೀನು, ಸೀಗಡಿ ಎಲ್ಲಾ ಇರುತ್ತದೆ. ಮೊಟ್ಟೆ ತಿನ್ನುವವರಾದರೆ ಕಾಸ್ತೆಲಾ ಕೇಕ್ ತಗೊಳ್ಳಿ, ಅದೂ ಪೋರ್ಚುಗೀಸರು ಕಲಿಸಿಕೊಟ್ಟದ್ದೇ.