ಫ್ರೆಂಚ್ ‘ಕರ್ನಲ್’ ಭುಜಪಟ್ಟಿ ಅಂತ ಯಾರಾದರೂ ಮಾರಲು ಬಂದರೆ ಹುಷಾರು!

ಫ್ರಾನ್ಸ್‌ನಲ್ಲಿ ಇರುವವರು, ಅಲ್ಲಿಗೆ ಹೋದಾಗ ಹಳೇ ಸಾಮಾನಿನ ಸಂತೆಗೆ ನುಗ್ಗುವವರು, ದಯವಿಟ್ಟು ಓದಿ. ನನ್ನ 140 ಯೂರೋ ಹೋಯಿತು. ದುಡ್ಡಿಗಿಂತ ಮರ್ಯಾದೆ ಹೋಗಿದ್ದಕ್ಕೆ ಜಾಸ್ತಿ ಹೊಟ್ಟೆ ಉರಿಯುತ್ತಿದೆ.

ಲಿಯೋನ್‌ನ ಒಂದು ಭಾನುವಾರದ ಸಂತೆ. “ಫಾರಿನ್ ಲೀಜನ್ ಕರ್ನಲ್‌ದು, ಜೋಡಿ ಪೂರ್ತಿ ಇದೆ, ಇಂಥದ್ದು ಸಿಗೋದೇ ಇಲ್ಲ” ಅಂದ ಮಾರುವವನು. ಫಾರಿನ್ ಲೀಜನ್ ಅಂದರೆ ಫ್ರೆಂಚ್ ಸೇನೆಯಲ್ಲಿ ವಿದೇಶಿಯರು ಸೇರುವ ಪಡೆ. ಕಪ್ಪು ಬಟ್ಟೆ, ಅಡ್ಡಕ್ಕೆ ಐದು ಜರಿಪಟ್ಟಿ, ಮೇಲೆ ಉರಿಯುವ ಗ್ರೆನೇಡಿನ ಕಸೂತಿ. ಪ್ಲಾಸ್ಟಿಕ್ ಕವರ್ ಬಿಚ್ಚಲು ಬಿಡಲಿಲ್ಲ, ಕೈ ಬೆವರು ತಾಗಿದರೆ ಜರಿ ಕಪ್ಪಾಗುತ್ತದಂತೆ! ಮೂರು ಪಟ್ಟಿ ಕ್ಯಾಪ್ಟನ್, ನಾಲ್ಕು ಕಮಾಂಡೆಂಟ್, ಐದು ಕರ್ನಲ್. ಈ ಲೆಕ್ಕ ಸಂಗ್ರಹ ಮಾಡುವವರಿಗೆಲ್ಲ ಬಾಯಿಪಾಠ. ಅದನ್ನೇ ಅವನು ಬಂಡವಾಳ ಮಾಡಿಕೊಂಡ.

ಮರುದಿನ ಆಫೀಸಿಗೆ ಹೆಮ್ಮೆಯಿಂದ ಒಯ್ದೆ. ಕಡ್ಡಾಯ ಸೇನಾ ಸೇವೆ ಇದ್ದ ಕಾಲದಲ್ಲಿ ಯೂನಿಫಾರ್ಮ್ ಹಾಕಿದ ಹಿರಿಯರೊಬ್ಬರು ಇದ್ದಾರೆ. ಕಿಟಕಿ ಹತ್ತಿರ ಹಿಡಿದು ನೋಡಿದರು, ನಕ್ಕೇಬಿಟ್ಟರು. ಚಿನ್ನ, ಬೆಳ್ಳಿ, ಚಿನ್ನ, ಬೆಳ್ಳಿ, ಚಿನ್ನ. ಕರ್ನಲ್ ಆದರೆ ಐದೂ ಒಂದೇ ಬಣ್ಣ ಇರಬೇಕು. ಕಾಲಾಳು ಪಡೆಗೆ ಐದೂ ಚಿನ್ನ, ಅಶ್ವದಳಕ್ಕೆ ಐದೂ ಬೆಳ್ಳಿ. ಹೀಗೆ ಬೆರಕೆ ಇದ್ದರೆ ಲೆಫ್ಟಿನೆಂಟ್ ಕರ್ನಲ್. “ಗ್ರೆನೇಡಿನ ಜ್ವಾಲೆ ಎಣಿಸಿ” ಅಂದರು. ಎಂಟು! ಲೀಜನ್ನಿನದಕ್ಕೆ ಏಳೇ. ಎಂಟು ಅಂದರೆ ಜಾಂದಾರ್ಮರಿ, ಪೊಲೀಸ್ ಕೆಲಸ ಮಾಡುವ ಸೈನಿಕ ಪಡೆ. ಲೀಜನ್ನೂ ಇಲ್ಲ, ಕರ್ನಲ್ಲೂ ಇಲ್ಲ. ಸುತ್ತ ನಿಂತವರೆಲ್ಲ ನಗುತ್ತಿದ್ದರು.

ಅವನಿಗೆ ಮೆಸೇಜ್ ಮಾಡಿದೆ. ಉತ್ತರ ನೋಡಿ: “ಅದು ಬೆಳ್ಳಿ ಅಲ್ಲ, ಚಿನ್ನದ ಬಣ್ಣ ಮಾಸಿದೆ, ಹಳೇದಲ್ವಾ.” ಹೌದಪ್ಪ, ಒಂದು ಬಿಟ್ಟು ಒಂದು ಪಟ್ಟಿ ಮಾತ್ರ, ಎರಡೂ ಭುಜದಲ್ಲಿ, ಅಳತೆ ಇಟ್ಟು ಮಾಸಿದೆ! ಜ್ವಾಲೆ ಎಂಟಿದೆಯಲ್ಲ ಅಂದರೆ, “ಕಸೂತಿಯವನು ಒಂದು ಜಾಸ್ತಿ ಹಾಕಿರಬೇಕು.” ಆಮೇಲೆ ಬಂತು ನೋಡಿ: “ಇಬ್ಬರನ್ನೂ ‘ಮೋ ಕೊಲೊನೆಲ್’ ಅಂತಲೇ ಕರೆಯೋದು ಮಸ್ಯು, ಏನು ವ್ಯತ್ಯಾಸ?” ಕರ್ನಲ್ಲನ್ನೂ ಲೆಫ್ಟಿನೆಂಟ್ ಕರ್ನಲ್ಲನ್ನೂ ಹಾಗೆ, ‘ಕರ್ನಲ್ ಸಾಹೇಬ್ರೇ’ ಅಂತ, ಕರೆಯೋದು ನಿಜ. ಆದರೆ ಬಣ್ಣ ಮಾಸಿದೆ ಅಂದವನ ಬಾಯಲ್ಲಿ ಈಗ ‘ಇಬ್ಬರು’ ಎಲ್ಲಿಂದ ಬಂದರು? ಮೊದಲೇ ಗೊತ್ತಿತ್ತು ಅವನಿಗೆ. ಗೊತ್ತಿದ್ದೇ ಕವರ್ ಬಿಚ್ಚಲು ಬಿಡಲಿಲ್ಲ. ದುಡ್ಡು ವಾಪಸ್ ಕೇಳಿದ್ದಕ್ಕೆ, “ಸಂತೆ ಮಾಲು ವಾಪಸ್ ಇಲ್ಲ. ಶುಭದಿನ.” ಶುಭದಿನ ಅಂತೆ!

ಕವರ್ ಬಿಚ್ಚದವನ ಹತ್ತಿರ ಕೊಳ್ಳಲೇಬೇಡಿ. ಟೆಂಟಿನ ನೆರಳಲ್ಲಿ ನೋಡಬೇಡಿ, ಬಿಸಿಲಿಗೆ ಹಿಡಿಯಿರಿ. ಅವನ ಮೇಜಿನ ಮೇಲೆ ಒಂದೇ ಪಟ್ಟಿಯ ‘ಸೆಕೆಂಡ್ ಲೆಫ್ಟಿನೆಂಟ್’ ಕೂಡ ಇತ್ತು, ಪಟ್ಟಿಯ ನಡುವೆ ಕೆಂಪು ನೂಲು. ಕೆಂಪು ನೂಲು ಇದ್ದರೆ ಅದು ಅಜುದಾಂ ದರ್ಜೆ, ಆಫೀಸರ್ ಅಲ್ಲವೇ ಅಲ್ಲ. ಇನ್ನು ಒಂದೇ ನಕ್ಷತ್ರ ತೋರಿಸಿ ‘ಜನರಲ್’ ಅಂದರೆ ಮಾತಾಡದೆ ಎದ್ದು ಬನ್ನಿ, ಫ್ರಾನ್ಸ್‌ನಲ್ಲಿ ಜನರಲ್ ಶುರುವಾಗೋದೇ ಎರಡು ನಕ್ಷತ್ರದಿಂದ.